ರೈಫಲ್ಲಿಗೆ ಹಣೆ ಹಚ್ಚಿದವಳನ್ನು ಹುಡುಕಿಕೊಂಡು

ಹೊರಡುವ ಮೊದಲು

ಹಿಮ ಎಂದರೆ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಕಟ್ಟಿಕೊಳ್ಳುವುದು ಎಂದಷ್ಟೇ ಗೊತ್ತಿರುವ ನಾನು, ಹಿಮದ ಮೇಲೆ ಓಡುವ ನಾರ್ವೆಯ ಹೆಣ್ಣುಮಗಳೊಬ್ಬಳ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ. ಧಾರವಾಡದವರು ಆಗಲೇ ನಕ್ಕು ಮುಗಿಸಿದ್ದಾರೆ.

ನಾನು ಮೂವತ್ತು ವರ್ಷ ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಎನ್‌ಸಿಸಿ ಹುಡುಗಿಯರಿಗೆ ರೈಫಲ್ ಹಿಡಿಯುವುದನ್ನು ಕಲಿಸಿದ್ದೂ ನಾನೇ. ನಿವೃತ್ತಿಯಾದ ವರ್ಷ ಮಂಡಿಯ ಆಪರೇಷನ್ ಆಗಿ ಮಂಚ ಹಿಡಿದೆ. ಹೊತ್ತು ಹೋಗದೆ ಫೋನಿನಲ್ಲಿ ರೈಫಲ್ಲಿನ ವಿಡಿಯೋ ಹುಡುಕುತ್ತಿದ್ದಾಗ ಬಯಾಥ್ಲಾನ್ ಎಂಬ ಆಟ ಕಣ್ಣಿಗೆ ಬಿತ್ತು. ಕಾಲಿಗೆ ಉದ್ದನೆಯ ಸ್ಕೀ ಕಟ್ಟಿಕೊಂಡು, ಬೆನ್ನ ಮೇಲೆ ರೈಫಲ್ ಹೊತ್ತು, ಹಿಮದ ಮೇಲೆ ಕಿಲೋಮೀಟರುಗಟ್ಟಲೆ ಓಡಬೇಕು. ನಡುವೆ ನಿಂತು, ಏದುಸಿರು ಬಿಡುತ್ತಲೇ ಐವತ್ತು ಮೀಟರ್ ದೂರದ ಐದು ಕಪ್ಪು ಬಿಲ್ಲೆಗಳಿಗೆ ಗುಂಡು ಹೊಡೆಯಬೇಕು. ಒಂದು ತಪ್ಪಿದರೆ ಶಿಕ್ಷೆಯ ಓಟ, ಒಂದು ಸುತ್ತು ಹೆಚ್ಚಿಗೆ. ತಪ್ಪು ಮಾಡಿದ ಹುಡುಗಿಯರನ್ನು ಮೈದಾನ ಸುತ್ತಿಸಿ ಬೈಸಿಕೊಂಡಿದ್ದ ನನಗೆ ಈ ನಿಯಮ ನೋಡಿ ಎಷ್ಟು ಸಮಾಧಾನವಾಯಿತೆಂದರೆ, ಮಂಡಿನೋವು ಮರೆತು ಎದ್ದು ಕೂತೆ.

ಆ ಆಟದಲ್ಲಿ ನನ್ನ ಮನಸ್ಸು ಹಿಡಿದವಳು ರಾಗ್ನಿ. ಕಣಿವೆಯೊಂದರ ಹೈನುಗಾರರ ಮನೆಯ ಹುಡುಗಿ. ಓಟದಲ್ಲಿ ಬಿರುಗಾಳಿ, ಗುರಿಯಲ್ಲಿ ಹದಗೇಡಿ. ಕಿರಿಯರ ತಂಡದವರು ಅವಳನ್ನು ಎರಡು ಸಲ ಬೇಡ ಎಂದಿದ್ದರು. ಮೂರನೆಯ ಸಲ ಸೇರಿಸಿಕೊಂಡರೆ, ಮೊದಲ ದೊಡ್ಡ ಓಟದಲ್ಲೇ ನಾಲ್ಕು ಗುಂಡು ತಪ್ಪಿಸಿ, ನಾಲ್ಕು ಸುತ್ತು ಶಿಕ್ಷೆ ಓಡಿಯೂ ಎರಡನೆಯವಳಾಗಿ ಬಂದಳು. ಆಮೇಲೆ ಗುರಿಯೂ ಕುದುರಿತು. ವರ್ಷಗಟ್ಟಲೆ ಅವಳದೇ ರಾಜ್ಯ. ಹಾಗಿದ್ದವಳು ಒಂದು ಶನಿವಾರ ಚಿನ್ನ ಗೆದ್ದು, ಭಾನುವಾರ ಬೆಳಿಗ್ಗೆ ಪತ್ರಕರ್ತರ ಮುಂದೆ "ಸಾಕು" ಎಂದು ಒಂದೇ ಮಾತು ಹೇಳಿ ಆಟ ಬಿಟ್ಟಳು. ಯಾಕೆಂದು ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.

ನಮ್ಮೂರಿನ ವಾರಪತ್ರಿಕೆಯಲ್ಲಿ ಅವಳ ಕಥೆ ಧಾರಾವಾಹಿಯಾಗಿ ಬಂತು. ಜನ ಹುಚ್ಚೆದ್ದದ್ದು 'ಆಯುಧಪೂಜೆ' ಎಂಬ ಅಧ್ಯಾಯಕ್ಕೆ. ಕೊನೆಯ ಎರಡು ವರ್ಷ ರಾಗ್ನಿ ಓಟ ಶುರುವಾಗುವ ಮುನ್ನ ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಅದಕ್ಕೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ನವಮಿಯ ದಿನ ನಾವು ಹತಾರಗಳಿಗೆ ಮಾಡುವ ನಮಸ್ಕಾರವೇ ಅದು, ಯಾವ ದೇಶವಾದರೂ ದುಡಿಯುವ ಕೈ ತನ್ನ ಆಯುಧಕ್ಕೆ ತಲೆ ಬಾಗುತ್ತದೆ ಎಂದು ನಾನು ಹದಿನೆಂಟು ಪುಟ ಬರೆದಿದ್ದೆ. ಓದಿ ಅತ್ತವರಿದ್ದಾರೆ. ನನ್ನ ಹಳೆಯ ಶಾಲೆಯ ಎನ್‌ಸಿಸಿ ಹುಡುಗಿಯರು ಈಗ ಹಣೆ ಹಚ್ಚದೆ ರೈಫಲ್ ಹಿಡಿಯುವುದಿಲ್ಲವಂತೆ.

ಪ್ರಕಾಶಕ ಬಸವರಾಜ ಅದೇ ಚಿತ್ರವನ್ನು ಮುಖಪುಟಕ್ಕೆ ಬರೆಸಿ ಇಟ್ಟುಕೊಂಡು ಕಾಯುತ್ತಿದ್ದ. ಬಾಕಿ ಇದ್ದದ್ದು ಕೊನೆಯ ಅಧ್ಯಾಯ: ಅವಳು ಯಾಕೆ ಬಿಟ್ಟಳು? ಆ ಉತ್ತರವಿಲ್ಲದೆ ಪುಸ್ತಕವಿಲ್ಲ. ಎಂಟು ತಿಂಗಳು ಮೇಲ್ ಬರೆದ ಮೇಲೆ ರಾಗ್ನಿಯಿಂದ ಮೂರು ಸಾಲು ಬಂತು. ಗಂಡನಿಗೆ ತೈಲದ ಕಂಪನಿಯಲ್ಲಿ ಕೆಲಸ, ಈಗ ಹ್ಯೂಸ್ಟನ್ನಿನಲ್ಲಿದ್ದೇವೆ. ಶನಿವಾರ ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಅಭ್ಯಾಸ ಮಾಡುತ್ತೇನೆ. ಸೆಕೆ ತಡೆಯುವುದಾದರೆ ಬನ್ನಿ.

ಸೆಕೆಯ ಮಾತನ್ನು ಧಾರವಾಡದವಳಿಗೆ ಹೇಳುತ್ತಾಳೆ. ನಾನು ಆ ದಿನವೇ ವೀಸಾದ ಕಾಗದ ಜೋಡಿಸಲು ಕೂತೆ.

ಡಲ್ಲಾಸ್

ವಿಮಾನ ಇಳಿದದ್ದು ಡಲ್ಲಾಸಿನಲ್ಲಿ. ನನ್ನನ್ನು ಕರೆದೊಯ್ಯಲು ಪ್ರೇಮಾ ಮತ್ತು ಅವಳ ಗಂಡ ರಘು ಆಸ್ಟಿನ್ ಬಳಿಯ ಸೀಡರ್ ಪಾರ್ಕಿನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದರು. ಪ್ರೇಮಾ ನನ್ನ ಕೈಯಲ್ಲೇ ರೈಫಲ್ ಕಲಿತ ಹುಡುಗಿ, ಈಗ ಚಿಪ್ ಕಂಪನಿಯಲ್ಲಿ ದೊಡ್ಡ ಎಂಜಿನಿಯರು. ರಘು ಮೈಸೂರಿನವರು. "ಯಾಕ ಬಂದೀರಿ ಅಂತ ಕೇಳಿದ್ರ ಪರಿಚಯದವರ ಮನಿಗೆ ಅಂತಷ್ಟ ಹೇಳ್ರಿ ಮೇಡಮ್, ಉಳದದ್ದು ಏನೂ ಮಾತಾಡಬ್ಯಾಡ್ರಿ" ಎಂದು ಅವಳು ಫೋನಿನಲ್ಲಿ ನೂರು ಸಲ ಹೇಳಿದ್ದಳು.

ಇಮಿಗ್ರೇಷನ್ ಕೌಂಟರಿನವನು ಯಾಕೆ ಬಂದಿರಿ ಎಂದು ಕೇಳಿದ. ಮೂರು ವರ್ಷದ ಕನಸು ಬಾಯಲ್ಲಿ ತುಂಬಿಕೊಂಡಿದ್ದವಳು, "ಒಬ್ಬ ಶೂಟರನ್ನು ಭೇಟಿಯಾಗಲು" ಎಂದೆ.

ಅವನು ಪೆನ್ನು ಕೆಳಗಿಟ್ಟ. ಮುಂದಿನ ಮುಕ್ಕಾಲು ಗಂಟೆ ನಾನು ಇನ್ನೊಂದು ಕೋಣೆಯಲ್ಲಿದ್ದೆ. ಅಲ್ಲಿದ್ದ ಆಜಾನುಬಾಹು ಅಧಿಕಾರಿ ನನ್ನ ಬ್ಯಾಗಿನಿಂದ ಒಂದೊಂದೇ ಸಾಮಾನು ತೆಗೆದಿಟ್ಟ. ಪೇಡೆಯ ಡಬ್ಬಿ, ಶೇಂಗಾ ಚಟ್ನಿ, ಹಸ್ತಪ್ರತಿ, ಕೊನೆಗೆ ರಾಗ್ನಿಗೆ ತೋರಿಸಲೆಂದು ತಂದಿದ್ದ, ಗುಂಡಿನ ತೂತುಗಳಿದ್ದ ಹಳೆಯ ಗುರಿಹಾಳೆ. ಅದನ್ನು ದೀಪಕ್ಕೆ ಹಿಡಿದು ನೋಡಿದವನ ಮುಖವೇ ಬದಲಾಯಿತು.

"ಯಾರು ಹೊಡೆದದ್ದು?"

"ನಾನೇ. ಐವತ್ತು ಮೀಟರಿನಿಂದ."

"ಟ್ರಿಗರ್ ಎಳೆಯುವಾಗ ಬಲಕ್ಕೆ ಜಗ್ಗುತ್ತೀರಿ."

"ಅದು ಗಾಳಿ" ಎಂದೆ. ಗಾಳಿಯಲ್ಲ ಎಂದ ಅವನು. ಬೆಳಗಾವಿಯ ಎನ್‌ಸಿಸಿ ಮೈದಾನದ ಗಾಳಿ ನಿನಗೇನು ಗೊತ್ತು ಎಂದೆ. ಹತ್ತು ನಿಮಿಷ ವಾದ ಮಾಡಿದೆವು. ತನ್ನ ಹೆಂಡತಿಯೂ ಹೀಗೆಯೇ, ತಪ್ಪು ಒಪ್ಪಿಕೊಳ್ಳುವುದಿಲ್ಲ ಎಂದು ಹೇಳಿ ಪೇಡೆಯ ಡಬ್ಬಿಯನ್ನು ತಾನೇ ನೀಟಾಗಿ ಒಳಗಿಟ್ಟು ಕಳಿಸಿಕೊಟ್ಟ. ಹೊರಗೆ ಪ್ರೇಮಾ ಅಳುವುದೊಂದು ಬಾಕಿ. ನಡೆದದ್ದೆಲ್ಲ ಕೇಳಿ ರಘು ಮಾತ್ರ ಗಂಭೀರವಾಗಿ, "ಬಲಕ್ಕೆ ಎಳೀತೀರಾ ಮೇಡಮ್?" ಎಂದರು.

ಸೀಡರ್ ಪಾರ್ಕ್, ಮೂರು ದಿನ

ಈ ಊರಿನಲ್ಲಿ ಕಾಲು ಇರುವುದು ಕಾರಿನ ಪೆಡಲ್ ಒತ್ತುವುದಕ್ಕೆ. ಹೊರಗೆ ನಮ್ಮ ಏಪ್ರಿಲ್ಲಿನ ಬಿಸಿಲು, ಒಳಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಎ.ಸಿ. ಹೋಟೆಲಿನಲ್ಲಿ ನೀರು ಕೇಳಿದರೆ ಲೋಟದ ತುಂಬ ಐಸು, ಸಂದಿಯಲ್ಲಿ ಎಲ್ಲೋ ನೀರು. ಹಿಮದ ಪುಸ್ತಕ ಬರೆದವಳಿಗೆ ಇದೂ ಒಂದು ಅನುಭವವೆಂದು ಕುಡಿದೆ.

ಎರಡನೆಯ ದಿನ ಬೆಳಿಗ್ಗೆ ಒಬ್ಬಳೇ ವಾಕಿಂಗ್ ಹೋದೆ. ಅರ್ಧ ಗಂಟೆ ನಡೆದರೂ ನಾಯಿ ಹಿಡಿದ ಒಬ್ಬನನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ತಿರುಗಿ ಬಂದರೆ ಎಲ್ಲ ಮನೆಯೂ ಒಂದೇ ಬಣ್ಣ, ಒಂದೇ ಬಾಗಿಲು. ಪ್ರೇಮಾಳ ಮನೆಯೆಂದು ನಾನು ಬಾಗಿಲಿನ ಗುಂಡಿಗಳಲ್ಲಿ ನಂಬರು ಒತ್ತಿ ಒತ್ತಿ ಬೆವೆತೆ. ಬಾಗಿಲು ತೆರೆದದ್ದು ಬಿಳಿಕೂದಲಿನ ಅಮೆರಿಕನ್ ಅಜ್ಜಿ. ಆಕೆ ಗಾಬರಿಯಾಗಲಿಲ್ಲ, ಬೈಯಲಿಲ್ಲ. ನನ್ನ ಸೀರೆ, ಕೆಳಗಿನ ಕ್ಯಾನ್ವಾಸ್ ಶೂ ನೋಡಿ, ಪ್ರೇಮಾಳ ಹೆಸರು ಕೇಳಿ, ಕಾರಿನ ಕೀಲಿ ತೆಗೆದುಕೊಂಡು ಬಂದರು. ಕೂತು ಬೆಲ್ಟ್ ಹಾಕಿಕೊಂಡೆ. ಮೂರು ಮನೆ ಆಚೆ ಇಳಿಸಿ ಹೋದರು.

ಅವತ್ತು ಸಂಜೆ ಆದದ್ದು ಮಾತ್ರ ನಗುವ ವಿಷಯವಲ್ಲ. ರಘುವಿಗೆ ರಾಗ್ನಿಯ ಓಟ ತೋರಿಸಬೇಕೆಂದು ನನಗೆ ಉಮೇದು. ಅವರ ಮನೆಯ ಟಿ.ವಿ. ನಮ್ಮ ಮನೆಯ ಗೋಡೆಯಷ್ಟಿದೆ. ನಾನು ಫೋನಿನಲ್ಲಿ ಅಂಗೈಯಗಲ ನೋಡಿದ್ದವಳು ಈಗ ಆಳೆತ್ತರ ಬಂದು ನಿಂತಾಗ ನನಗೆ ಮೈ ಜುಮ್ಮೆಂದಿತು. ಅವಳು ರೈಫಲ್ ಎತ್ತಿದಳು, ತಲೆ ಬಾಗಿಸಿದಳು. "ಇದೇ ನೋಡಿ" ಎಂದೆ.

ರಘು ಅಲ್ಲಿಗೇ ನಿಲ್ಲಿಸಿದರು. ಹತ್ತಿರ ಹೋಗಿ ನೋಡಿದರು. "ಕಣ್ಣು ಮುಚ್ಚಿಲ್ವಲ್ಲ ಮೇಡಮ್. ಎಡಗಣ್ಣು ರೈಫಲ್ಲಿನ ಮರದ ಹಿಡಿಗೆ ಒತ್ತಿದೆ. ಬಲಗಣ್ಣು ತೆರೆದೇ ಇದೆ. ಕೆಳಗೆ ಏನನ್ನೋ ನೋಡ್ತಿದಾರೆ."

ನಾನೂ ಎದ್ದು ಹೋದೆ. ಬಲಗಣ್ಣು ತೆರೆದಿತ್ತು. ಇನ್ನೂ ಎಂಟು ಓಟ ಹಾಕಿ ನೋಡಿದೆವು. ಎಂಟರಲ್ಲೂ ತೆರೆದಿತ್ತು. ದೇವರಿಗೆ ಕೈಮುಗಿಯುವವರು ಹಾಗೆ ಒಂದೇ ಕಣ್ಣಿನಿಂದ ದಿಟ್ಟಿಸುವುದಿಲ್ಲ. ಮೂವತ್ತು ವರ್ಷ ಹುಡುಗಿಯರ ಕಣ್ಣು ಎಲ್ಲಿದೆ, ಗಲ್ಲ ಎಲ್ಲಿದೆ ಎಂದು ತಿದ್ದಿದವಳು ನಾನು. ನನ್ನ ಸಣ್ಣ ಫೋನಿನಲ್ಲಿ ನನಗೆ ಬೇಕಾದದ್ದನ್ನೇ ನೋಡಿಕೊಂಡಿದ್ದೆ.

"ಕೇಳಬ್ಯಾಡ್ರಿ ಮೇಡಮ್," ಎಂದಳು ಪ್ರೇಮಾ. "ಯಾಕ ಬಿಟ್ಟಿ ಅಂತಷ್ಟ ಕೇಳ್ರಿ. ಈ ಮಾತು ಎತ್ತಲೇಬ್ಯಾಡ್ರಿ. ಪುಸ್ತಕಾ ಹಂಗ ಬರ್ಲಿ."

ಬಸವರಾಜನ ದನಿಯೂ ಅಷ್ಟರಲ್ಲಿ ಫೋನಿಗೆ ಬಂದು ಕೂತಿತ್ತು. "ಆಯುಧಪೂಜಾ ಅಧ್ಯಾಯಕ್ಕ ಜನಾ ದಾರಿ ಕಾಯ್ಲಿಕತ್ತಾರ್ರಿ ಮೇಡಮ್. ಮುಖಪುಟ ಅಂತೂ ಬೆಂಕಿ ಆಗೇದ. ಲಗೂನ ಕಡೀ ಅಧ್ಯಾಯ ಕಳಸ್ರಿ."

ಕೇಳಬಾರದು ಎಂದೇ ನಾನೂ ತೀರ್ಮಾನಿಸಿದೆ. ಆದರೂ ಪ್ರೇಮಾಳ ಹತ್ತಿರ ಆ ಅಧ್ಯಾಯವನ್ನು ಇಂಗ್ಲಿಷಿಗೆ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಎಂದು ಕೇಳಿದರೆ ಹೇಳಲಾರೆ.

ಹ್ಯೂಸ್ಟನ್, ಶನಿವಾರ ಬೆಳಿಗ್ಗೆ ಆರು

ಹ್ಯೂಸ್ಟನ್ನಿನ ಸೆಕೆ ಧಾರವಾಡದ್ದಲ್ಲ, ಕಾರವಾರದ್ದು. ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಯಿತು. ಒರೆಸಿಕೊಳ್ಳುತ್ತ ನಿಂತಿದ್ದಾಗಲೇ ಕಾಲುವೆಯ ಪಕ್ಕದ ಡಾಂಬರು ದಾರಿಯಲ್ಲಿ ಸರ್‌ರ್ ಎಂಬ ಸದ್ದು. ಕನ್ನಡಕ ಹಾಕಿಕೊಂಡರೆ ರಾಗ್ನಿ.

ಅವಳ ಕಾಲಿನಲ್ಲಿ ಗಾಲಿ ಇದ್ದ ಗಿಡ್ಡ ಸ್ಕೀ, ಕೈಯಲ್ಲಿ ಎರಡು ಕೋಲು. ಹಿಮವಿಲ್ಲದ ಕಡೆ ಅವರು ಹೀಗೆ ಅಭ್ಯಾಸ ಮಾಡುತ್ತಾರೆ. ಆ ತೋಳು ಬೀಸುವ ರೀತಿ, ಏರಿನಲ್ಲಿ ಸೊಂಟ ಬಗ್ಗಿಸುವ ರೀತಿ, ನನಗೆ ನನ್ನ ಅಂಗೈ ಗೆರೆಯಷ್ಟು ಪರಿಚಯ. ವಾಕಿಂಗ್ ಬಂದವರು ಇವಳು ಯಾರೆಂದು ತಿಳಿಯದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ನನಗೋ ಅವರ ಭುಜ ಹಿಡಿದು ಅಲ್ಲಾಡಿಸಿ ಹೇಳಬೇಕೆನಿಸಿತು. ಮಂಡಿಯ ಹಂಗು ಬಿಟ್ಟು ನಾನು ಅವಳ ಹಿಂದೆ ಓಡಿಯೇಬಿಟ್ಟೆ. ನೂರು ಮೀಟರು ಓಡಿರಬೇಕು. ಅಷ್ಟು ಸಂತೋಷ ನಿವೃತ್ತಿಯ ನಂತರ ಆಗಿರಲಿಲ್ಲ.

ಅವಳು ತಿರುಗಿ ಬಂದು ನಿಂತಳು. ನನಗಿಂತ ಒಂದು ಗೇಣು ಎತ್ತರ, ಮೂಗಿನ ತುದಿಯಲ್ಲಿ ಬೆವರು. "ಸುನಂದಾ? ಮಂಡಿ ಆಪರೇಷನ್ ಆದವರು ಹೀಗೆ ಓಡಬಾರದು" ಎಂದಳು. ನನ್ನ ಮೇಲ್‌ಗಳನ್ನೆಲ್ಲ ಓದಿದ್ದಳು.

ಹಿಲ್‌ಕ್ರಾಫ್ಟ್

ತಿಂಡಿಗೆ ಅವಳನ್ನು ಹಿಲ್‌ಕ್ರಾಫ್ಟ್ ರಸ್ತೆಗೆ ಕರೆದುಕೊಂಡು ಹೋದೆವು. ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರು. ಸೀರೆ ಅಂಗಡಿ, ದಿನಸಿ ಅಂಗಡಿ, ಹೋಟೆಲು, ಕಣ್ಣು ಮುಚ್ಚಿ ನಿಂತರೆ ಒಗ್ಗರಣೆಯ ವಾಸನೆಯಲ್ಲಿ ಇದು ಎಲ್ಲಿಯ ಊರೆಂದು ಹೇಳುವುದು ಕಷ್ಟ. ದೋಸೆ ಬರುವುದಕ್ಕೆ ಮೊದಲೇ ರಾಗ್ನಿ ಮೂರು ಲೋಟ ಮಜ್ಜಿಗೆ ಕುಡಿದಳು. ಅವಳ ಕಣಿವೆಯಲ್ಲೂ ಹುಳಿಹಾಲು ಕುಡಿಯುತ್ತಾರಂತೆ. ಹಸಿಮೆಣಸಿನಕಾಯಿ ಮಾತ್ರ ಹಾಕುವುದಿಲ್ಲವಂತೆ. ಕಣ್ಣಲ್ಲಿ ನೀರು ತಂದುಕೊಂಡು ನಾಲ್ಕನೆಯದನ್ನು ಕೇಳಿದಳು.

ಮಾತು ನೀರಿನ ಹಾಗೆ ಹರಿಯಿತು. ಹದಿಮೂರರಲ್ಲಿ ಮೊದಲ ರೈಫಲ್ ಸಿಕ್ಕಿದ್ದು, ಅಮ್ಮ ಕೊಟ್ಟಿಗೆಯ ಹಿಂದೆ ತಗಡಿನ ಡಬ್ಬಿ ಸಾಲಾಗಿ ಇಟ್ಟುಕೊಟ್ಟದ್ದು, ಡಬ್ಬಿ ತಪ್ಪಿದಷ್ಟು ಸಲ ಕೊಟ್ಟಿಗೆ ಸುತ್ತು ಹಾಕಿಸುತ್ತಿದ್ದದ್ದು, ಹಸುಗಳು ಇವಳನ್ನು ನೋಡಿ ನೋಡಿ ಬೇಜಾರಾಗಿದ್ದದ್ದು. ನಾನು ಬರೆದುಕೊಳ್ಳುತ್ತ ಹೋದೆ. ನನ್ನ ಗುರಿಹಾಳೆ ತೋರಿಸಿದೆ. "ಬಲಕ್ಕೆ ಎಳೆಯುತ್ತೀರಿ" ಎಂದಳು. ರಘು ಮೇಜಿನ ಕೆಳಗೆ ಮುಖ ಮರೆಸಿಕೊಂಡರು.

ಕೊನೆಯ ಪ್ರಶ್ನೆ ಕೇಳಬೇಕು. ಬಾಯಿ ತೆರೆದೆ. ಆದರೆ ಎದುರಿಗೆ ಕೂತು ಇಷ್ಟು ಬಿಚ್ಚುಮನಸ್ಸಿನಿಂದ ಮಾತಾಡುವವಳ ಮುಂದೆ ಸುಳ್ಳಿನ ಹದಿನೆಂಟು ಪುಟ ಬಚ್ಚಿಟ್ಟುಕೊಂಡು ಕೂರಲು ನನ್ನಿಂದಾಗಲಿಲ್ಲ. ಇಂಗ್ಲಿಷಿನ ಹಾಳೆಗಳನ್ನು ತೆಗೆದು ಪ್ರೇಮಾಳ ಕೈಗೆ ಕೊಟ್ಟು ಓದು ಎಂದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ, ಓದಿದಳು.

ರಾಗ್ನಿ ದೋಸೆ ಮುಟ್ಟದೆ ಕೇಳಿದಳು. "ಎಷ್ಟು ಚೆನ್ನಾಗಿದೆ. ನಾನು ಅಷ್ಟು ಒಳ್ಳೆಯವಳಲ್ಲ" ಎಂದಳು. ಆಮೇಲೆ ಮೆನು ಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಅಂಚಿಗೆ ಹಣೆ ಒತ್ತಿದಳು. ಎಡಗಣ್ಣು ಕಾರ್ಡಿಗೆ ಅಂಟಿತು. ತೆರೆದ ಬಲಗಣ್ಣಿನಿಂದ ಮೇಜಿನ ಮೇಲಿನ ಬಿಲ್ಲಿನ ಹಾಳೆಯನ್ನು ನೋಡಿದಳು.

"ಹೋಟೆಲಿನ ಹೆಸರಿನ ಮೊದಲ ಅಕ್ಷರ ಕಾಣುತ್ತದೆ. ಕೊನೆಯದೂ ಕಾಣುತ್ತದೆ. ನಡುವಿನದು ಇಲ್ಲ."

ಅದು ಕಣ್ಣಿನ ಪರೀಕ್ಷೆಯಾಗಿತ್ತು. ಗುರಿ ಹಿಡಿಯುವ ಬಲಗಣ್ಣಿನ ನಟ್ಟನಡುವೆ ಒಂದು ಮಸುಕು, ಬರುತ್ತಿತ್ತು, ಹೋಗುತ್ತಿತ್ತು. ಓಟದ ಮುನ್ನ ಯಾರಿಗೂ ತಿಳಿಯದ ಹಾಗೆ ಎಡಗಣ್ಣನ್ನು ರೈಫಲ್ಲಿನಿಂದ ಮುಚ್ಚಿ, ಸ್ಕೀಯ ಮೇಲೆ ಬರೆದ ಅಕ್ಷರಗಳಲ್ಲಿ ನಡುವಿನದು ಕಾಣುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಕಂಡ ದಿನ ಗೆದ್ದಳು. ಕಾಣದ ದಿನ ಅಂದಾಜಿನ ಮೇಲೆ ಹೊಡೆದು ಸೋತಳು, ಹೊಟ್ಟೆ ಸರಿಯಿಲ್ಲ ಎಂದಳು. ಕೋಚಿಗೆ ಹೇಳಿದರೆ ಮನೆಗೆ ಕಳಿಸುತ್ತಾರೆ ಎಂಬ ಭಯ. ಎರಡು ವರ್ಷ ಹಾಗೆ. ಆ ಶನಿವಾರ ಕಂಡಿತು, ಚಿನ್ನ ಬಂತು. ಭಾನುವಾರ ಬೆಳಿಗ್ಗೆ ರೈಫಲ್ಲಿನ ಗುರಿ ಹೊಂದಿಸಲು ನೆಲದ ಮೇಲೆ ಬೋರಲು ಮಲಗಿದರೆ ಐದು ಬಿಲ್ಲೆಗಳಲ್ಲಿ ಒಂದೂ ಕಾಣಲಿಲ್ಲ. ಆಮೇಲೆ ಆ ಮಸುಕು ಹೋಗಲೇ ಇಲ್ಲ.

"ಈಗ ಎಡಗಣ್ಣಿನಿಂದ ಗುರಿ ಹಿಡಿದು ಎಡ ಹೆಗಲಿನಿಂದ ಹೊಡೆಯಲು ಕಲಿಯುತ್ತಿದ್ದೇನೆ," ಎಂದಳು. "ಐದರಲ್ಲಿ ಎರಡು ಬೀಳುತ್ತವೆ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಆಸೆಯಾಯಿತು. ನನ್ನ ಸುಳ್ಳು ಅಧ್ಯಾಯಕ್ಕೂ ಖಾಲಿ ಅಧ್ಯಾಯಕ್ಕೂ ಒಂದೇ ಉತ್ತರ ಎದುರಿಗೆ ಬಂದು ಬಿದ್ದಿತ್ತು. ಬರೆಯಬಹುದೇ ಎಂದು ಕೇಳಿದೆ.

"ಬರೆಯಿರಿ. ಎಲ್ಲಾದರೂ ಒಂದು ಕಡೆ ಬರೆದಿರಲಿ. ಅಮ್ಮನಿಗೆ ಗೊತ್ತಾಗಬಾರದು, ಅಷ್ಟೇ. ನನ್ನ ಮಗಳು ಗೆಲ್ಲುತ್ತಿರುವಾಗಲೇ ಬಿಟ್ಟಳು ಎಂದು ಊರಿಗೆಲ್ಲ ಹೇಳಿಕೊಂಡಿದ್ದಾಳೆ. ನಿಮ್ಮ ಭಾಷೆ ನಮ್ಮ ಕಣಿವೆಯಲ್ಲಿ ಯಾರಿಗೂ ಬರುವುದಿಲ್ಲವಲ್ಲ" ಎಂದು ಕೈ ತೊಳೆಯಲು ಎದ್ದು ಹೋದಳು.

ರಘು ಆಗ ಮೆಲ್ಲನೆ, "ಮೇಡಮ್, ಒಂದು ನಿಮಿಷ" ಎಂದು ತಮ್ಮ ಫೋನಿನಲ್ಲಿ ಅನುವಾದದ ಆ್ಯಪ್ ತೆರೆದು ಅದನ್ನು ನನ್ನ ಕನ್ನಡ ಹಸ್ತಪ್ರತಿಯ ಮೇಲೆ ಹಿಡಿದರು. ನನ್ನ ಗುಂಡು ಗುಂಡು ಅಕ್ಷರಗಳ ಮೇಲೆಯೇ ನಾರ್ವೆಯ ಭಾಷೆ ತೇಲಿ ಬಂತು. "ಅಲ್ಲೊಂದು ಇಲ್ಲೊಂದು ತಪ್ಪಾಗತ್ತೆ. ಆದ್ರೆ ಅರ್ಥ ಆಗತ್ತೆ. ಯಾರೋ ಪುಟದ ಫೋಟೋ ಹಾಕಿದ್ರೆ ಸಾಕು."

"ಫೋನು ಕಿಸೆಯೊಳಗ ಇಡ್ರಿ" ಎಂದೆ.

ಅಂದದ್ದು ನಾನೇ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂರು ವರ್ಷದ ಕೆಲಸ, ಬಸವರಾಜ, ಬೆಂಕಿಯಂಥ ಮುಖಪುಟ, ಅದಕ್ಕಿಂತ ಬೆಂಕಿಯಂಥ ಕೊನೆಯ ಅಧ್ಯಾಯ. ಸುಮ್ಮನಿದ್ದರೆ ಎಲ್ಲ ನನ್ನದು. ರಾಗ್ನಿ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ತಣ್ಣಗಾದ ದೋಸೆಯನ್ನು ಖುಷಿಯಿಂದ ಮುರಿದು ಬಾಯಿಗಿಟ್ಟಳು, ಇಷ್ಟು ವರ್ಷದ ಭಾರ ಇಳಿಸಿದವಳ ಹಾಗೆ. ನಾನು ಅರ್ಧ ದೋಸೆ ಮುಗಿಯುವ ತನಕ ಸುಮ್ಮನಿದ್ದೆ. ಆಮೇಲೆ ರಘುವಿನ ಕಿಸೆಯ ಕಡೆ ಕೈಚಾಚಿದೆ.

ಅವಳು ಫೋನನ್ನು ನನ್ನ ಹಾಳೆಗಳ ಮೇಲೆ ಸರಿಸುತ್ತ ಎರಡು ಪುಟ ಓದಿದಳು. "ಇದರಲ್ಲಿ ನಮ್ಮ ಹಸುಗಳೂ ಇವೆ" ಎಂದಳು. ಮುಖದಲ್ಲಿ ನಗುವಿರಲಿಲ್ಲ.

"ನೀವು ಬೇಡ ಅಂದರೆ ಬರೆಯುವುದಿಲ್ಲ. ಪುಸ್ತಕವೇ ಬೇಡ," ಎಂದೆ.

ಸೀರೆ ಅಂಗಡಿಯ ಮುಂದೆ

ಅವಳು ರಘುವಿನ ಫೋನನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಪಾರ್ಕಿಂಗಿನ ಆಚೆ ಸೀರೆ ಅಂಗಡಿಯ ಚಾವಣಿಯ ನೆರಳಿನಲ್ಲಿ ನಿಂತು, ರೇಷ್ಮೆ ಉಟ್ಟ ಗೊಂಬೆಗಳಿಗೆ ಬೆನ್ನು ಹಾಕಿ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಹನ್ನೊಂದರ ಬಿಸಿಲು, ಅಲ್ಲಿ ಸಂಜೆ. ನಾವು ಮೂವರೂ ಕಾರಿನ ಹತ್ತಿರ ನಿಂತೆವು. ಆ ಹೊತ್ತಿನಲ್ಲೇ ನಾನು ಬಸವರಾಜನಿಗೆ ಬರೆದು ಹಾಕಿದೆ: ಆಯುಧಪೂಜೆ ತೆಗೆಯಿರಿ, ಅದು ಸುಳ್ಳು. ಮುಖಪುಟವೂ ಬೇಡ. ಧಾರವಾಡದಲ್ಲಿ ಆಗ ರಾತ್ರಿ ಒಂಬತ್ತೂವರೆ, ಆದರೂ ಮರುಕ್ಷಣ ಬಂತು ಉತ್ತರ: "ಬಿಸಲಾಗ ಭಾಳ ತಿರಗ್ಯಾಡಬ್ಯಾಡ್ರಿ ಮೇಡಮ್."

ರಾಗ್ನಿ ಒಂದೇ ಸಮನೆ ಮಾತಾಡಿದಳು. ನಿಲ್ಲಿಸಿದಳು. ಫೋನಿನಲ್ಲಿ ಅಡುಗೆಮನೆಯ ದೀಪ, ಅದರ ಕೆಳಗೆ ಬಿಳಿಕೂದಲು ನಮಗೂ ಕಾಣುತ್ತಿತ್ತು. ಆ ಕಡೆಯಿಂದ ಒಂದು ಸಣ್ಣ ಮಾತು ಬಂತು. ರಾಗ್ನಿ ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡು ಫೋನನ್ನು ಮುಖದ ಹತ್ತಿರ ತಂದಳು. ಏನೋ ಹೇಳಿದಳು. ಮತ್ತೆ ಆ ಕಡೆಯ ಮಾತು. ಅವಳು ಕೈ ತೆಗೆದು, ಹಾಗೆಯೇ ನಿಂತು, ನೋಡುತ್ತಲೇ ಇದ್ದಳು.

ಕಾರಿನ ಹತ್ತಿರ ಬಂದಾಗ ಮುಖವೆಲ್ಲ ಒದ್ದೆ. ಒರೆಸಿಕೊಳ್ಳಲಿಲ್ಲ. ನಾನು ಕೇಳುವ ಮೊದಲೇ ಹೇಳಿದಳು.

"ಆ ಕಣ್ಣಿನಿಂದ ನೋಡು, ನಾನು ಕಾಣುತ್ತೇನಾ ಅಂದಳು ಅಮ್ಮ. ಕೂದಲು ಕಾಣುತ್ತದೆ, ದೀಪ ಕಾಣುತ್ತದೆ, ನಿನ್ನ ಮುಖ ಕಾಣುವುದಿಲ್ಲ ಅಂದೆ. ಹಾಗಾದರೆ ಇನ್ನೊಂದು ಕಣ್ಣೂ ತೆರೆ, ನನ್ನ ಹತ್ತಿರ ಯಾಕೆ ಮುಚ್ಚಿಕೊಳ್ಳುತ್ತೀ ಅಂದಳು."

ನನ್ನ ಪೆನ್ನು ಬ್ಯಾಗಿನ ಹೊರಗಿನ ಕಿಸೆಯಲ್ಲೇ ಇತ್ತು. ಅವಳೇ ಅದನ್ನು ತೆಗೆದು, ಮುಚ್ಚಳ ಬಿಚ್ಚಿ, ನನ್ನ ಕೈಗೆ ಕೊಟ್ಟಳು.